ಓಲೀಟಾಳ ವಿಳಾಸ

ರಸ್ತೆಯ ತಾರಿನ ಬಣ್ಣ ಬದಲಾಗುವ ಜಾಗಕ್ಕೆ ಬಂದಾಗ ವೆಲ್ಡಾ ಕಾರಿನ ವೇಗ ತಗ್ಗಿಸಿದಳು. ಅಲ್ಲಿ ಹೊಳೆಯಿಲ್ಲ, ಗುಡ್ಡವಿಲ್ಲ. ಅರ್ಕನ್ಸಾದವರು ಹಾಕಿದ ಕಪ್ಪು ತಾರು ಮುಗಿದು ಮಿಸೌರಿಯವರ ಬೂದು ತಾರು ಶುರುವಾಗುತ್ತದೆ, ಅಷ್ಟೆ. ಚಕ್ರದ ಸದ್ದು ಸ್ವಲ್ಪ ಇಳಿಯುತ್ತದೆ. ಈ ರಾಜ್ಯದ ಬೇಲಿಯೊಳಗಿನ ಹಸು ಕತ್ತು ಚಾಚಿ ಆ ರಾಜ್ಯದ ಹುಲ್ಲು ತಿನ್ನುತ್ತದೆ. ಹುಟ್ಟಿದಾರಭ್ಯ ಓಡಾಡಿದ ದಾರಿ ಇದು. ಇಲ್ಲೊಂದು ಗೆರೆ ಇದೆಯೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಹೋದ ಬೇಸಿಗೆಯಿಂದೀಚೆಗೆ ಮಾತ್ರ ಸದ್ದು ಬದಲಾದ ಕೂಡಲೆ ಬೆನ್ನ ಹಿಂದೆ ಯಾರೋ ಸರಿದು ಕೂತಂತಾಗುತ್ತಿತ್ತು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಬೇಕೆನಿಸುತ್ತಿತ್ತು, ನೋಡಿಕೊಳ್ಳುತ್ತಿರಲಿಲ್ಲ. ಇವತ್ತು ಪಕ್ಕದ ಸೀಟಿನಲ್ಲಿ ಬೀಟ್‌ರೂಟಿನ ಗಾಜಿನ ಭರಣಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು. ಹಿಂದಿನ ಸೀಟಿನ ತುಂಬ ಬಟ್ಟೆಯ ಹೂಗಳು. ಮೇ ತಿಂಗಳ ಸಮಾಧಿ ಸಿಂಗಾರದ ಭಾನುವಾರ, ಊರವರೆಲ್ಲ ತಮ್ಮವರ ಗೋರಿಗಳಿಗೆ ಹೂವಿಟ್ಟು ಅಲ್ಲೇ ಕೂತು ಊಟ ಮಾಡುವ ದಿನ. ಅಕ್ಕನಿಲ್ಲದ ಮೊದಲ ಸಿಂಗಾರ.

ಅದೆಲ್ಲ ಶುರುವಾದದ್ದು ಎಷ್ಟು ಸರಳವಾಗಿ ಎಂದರೆ, ಅದರಲ್ಲಿ ತಪ್ಪು ಯಾವ ಕಡೆಯಿಂದ ಒಳಗೆ ಬಂತೆಂದು ಹುಡುಕಿದರೂ ಅವಳಿಗೆ ಸಿಗುತ್ತಿರಲಿಲ್ಲ. ಕೋಳಿ ಕಾರ್ಖಾನೆಯ ಕೆಲಸದಲ್ಲಿ ಮಣಿಕಟ್ಟು ಕೆಟ್ಟು ಮನೆ ಸೇರಿದ ಮೇಲೆ ಅವಳು ತರಕಾರಿ ಹಣ್ಣುಗಳನ್ನು ಭರಣಿಗೆ ತುಂಬಿ ಕೆಡದ ಹಾಗೆ ಇಡುವ ಹಳೆಯ ಕ್ರಮಗಳನ್ನು ಒಂದು ಜಾಲತಾಣದಲ್ಲಿ ಬರೆಯತೊಡಗಿದ್ದಳು. ಬರಹದ ಕೆಳಗೆ ಭರಣಿ, ಮುಚ್ಚಳ, ಆವಿಪಾತ್ರೆಗಳಿಗೆ ಕೊಂಡಿ. ಓದಿದವರು ಅದನ್ನೊತ್ತಿ ದೊಡ್ಡ ಕಂಪನಿಯಿಂದ ಸಾಮಾನು ತರಿಸಿಕೊಂಡರೆ ಬರೆದವಳಿಗೊಂದು ಪಾಲು. ಹಾಗೇ ಮನೆ ನಡೆಯುತ್ತಿತ್ತು. ಆಮೇಲೆ ಅರ್ಕನ್ಸಾದಲ್ಲಿ ಒಂದು ತೆರಿಗೆಯ ಕಾನೂನು ಬಂತು: ನಮ್ಮ ರಾಜ್ಯದಲ್ಲಿ ಇಂಥ ಪಾಲುದಾರರನ್ನು ಇಟ್ಟುಕೊಂಡ ಕಂಪನಿ ನಮಗೆ ತೆರಿಗೆ ಕಟ್ಟಬೇಕು ಎಂದು. ಕಂಪನಿ ತೆರಿಗೆ ಕಟ್ಟುವ ಬದಲು ಪಾಲುದಾರರನ್ನೇ ಕೈಬಿಟ್ಟಿತು. ಇನ್ನು ಈ ರಾಜ್ಯದ ವಿಳಾಸದಿಂದ ಯಾರೂ ಸೇರುವಂತಿಲ್ಲ. ಮೀನಿನ ಗಾಳಗಳ ಬಗ್ಗೆ ಬರೆಯುತ್ತಿದ್ದ ಬರ್ಲ್ ಎಂಬವನು ಗೆರೆಯಾಚೆ ಒಂದು ಗಾಲಿಮನೆ ಬಾಡಿಗೆಗೆ ಹಿಡಿದು, ವಾರಕ್ಕೊಂದು ಸಲ ಅಲ್ಲಿ ಮಲಗಿ ಎದ್ದು ಬರುತ್ತಿದ್ದ, ಕಾನೂನಿಗೆ ತನ್ನ ಬೆನ್ನಿನ ಗುರುತು ಬೇಕೇನೋ ಎಂಬಂತೆ. ವೆಲ್ಡಾಗೆ ಅಷ್ಟೆಲ್ಲ ಬೇಕಿರಲಿಲ್ಲ. ಗೆರೆಯಾಚೆ ಅವಳಿಗೆ ಅಕ್ಕ ಓಲೀಟಾ ಇದ್ದಳು.

ಅಕ್ಕ ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಮಾತಾಡುವಾಗ ಅವಳ ಕೈ ನಿಲ್ಲುತ್ತಿರಲಿಲ್ಲ.

"ಅಕ್ಕ, ನಿನ್ನ ಹೆಸರು ಬೇಕಾಗಿತ್ತಲ್ಲ."

"ಯಾಕೆ, ಎಲ್ಲಾದ್ರೂ ಸಾಲಕ್ಕೆ ಜಾಮೀನು ನಿಲ್ಬೇಕಾ?"

"ಅಲ್ಲ ಕಣೆ. ನಿನ್ನ ಹೆಸರು, ನಿನ್ನ ವಿಳಾಸ. ಕಂಪನಿಯೋರ ಲೆಕ್ಕಕ್ಕೆ ಬರೆಯೋಳು ನೀನು."

"ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು ನಾನು! ಪರವಾಗಿಲ್ವೆ, ಮುದುಕಿ ಆದ್ಮೇಲೆ ಬರಹಗಾರ್ತಿ ಮಾಡ್ತಿದೀಯ." ಅಕ್ಕ ಸಿಪ್ಪೆಯನ್ನು ಅಂಗಳಕ್ಕೆ ಎಸೆದು ನಕ್ಕಳು. "ತಗೊಂಡ್ ಹೋಗು. ಸವೆದೇನೂ ಹೋಗೋದಿಲ್ಲ. ವಾಪಸ್ ಕೊಡೋವಾಗ ಮಾತ್ರ ತೊಳೆದು ಕೊಡು."

ಕಂಪನಿಯವರು ಬಂದು ನೋಡುತ್ತಾರೇನೋ ಎಂಬ ಹೆದರಿಕೆಗೆ ವೆಲ್ಡಾ ಜಾಲತಾಣದಲ್ಲೂ ತನ್ನ ಹೆಸರು ತೆಗೆದು ಅಕ್ಕನದನ್ನು ಹಾಕಿದಳು. ಮೊದಮೊದಲು ಅದು ಭರಣಿಯ ಮೇಲಿನ ಚೀಟಿಯಂತಿತ್ತು, ಒಳಗಿನದು ವೆಲ್ಡಾಳೇ. ಅಕ್ಕ ಫೆಬ್ರವರಿಯಲ್ಲಿ, ಒಗೆದ ಬಟ್ಟೆ ಮಡಿಸುತ್ತಿದ್ದವಳು, ಹಾಗೇ ಬಟ್ಟೆಯ ರಾಶಿಯ ಮೇಲೆ ಒರಗಿ ಹೋದಳು. ಮಣ್ಣು ಮಾಡಿ ಬಂದ ಮರುದಿನ ಬರೆಯಲು ಕೂತಾಗ, ಓಲೀಟಾ ಇನ್ನಿಲ್ಲ ಎಂದು ಹಾಕಬೇಕು ಎಂದುಕೊಂಡೇ ಕೂತಿದ್ದಳು. ಹಾಕಿದರೆ ವಿಳಾಸ ಹೋಗುತ್ತದೆ. ವಿಳಾಸ ಹೋದರೆ ಎಲ್ಲ ಹೋಗುತ್ತದೆ. ಅದನ್ನು ಹಾಕಲಿಲ್ಲ. ಎಲೆಕೋಸನ್ನು ಉಪ್ಪಿನಲ್ಲಿ ಹುದುಗಿಸುವ ಬಗ್ಗೆ ಬರೆದಳು. ಬರೆದು ಓದಿಕೊಂಡಾಗ ತೋಳಿನ ಕೂದಲು ನಿಂತಿತು. ಅದು ಅಕ್ಕನ ಮಾತು. ಎಲೆಕೋಸನ್ನು ಗುದ್ದುವಾಗ ನಿಮಗೆ ಆಗದವರ ಮುಖ ನೆನೆಸಿಕೊಳ್ಳಿ, ಚೆನ್ನಾಗಿ ನೀರು ಬಿಡುತ್ತದೆ ಎಂದಿತ್ತು. ವೆಲ್ಡಾ ಜನ್ಮದಲ್ಲಿ ಅಂಥ ಮಾತು ಆಡಿದವಳಲ್ಲ. ಅವಳು ಮೆತ್ತಗಿನವಳು, ಚರ್ಚಿನಲ್ಲಿ ಹಿಂದಿನ ಸಾಲಿನವಳು. ಆವತ್ತಿನಿಂದ ಓದುಗರು ಹೆಚ್ಚಾದರು. ಓಲೀಟಾ, ನೀವು ಮಾತಾಡಿದ ಹಾಗೇ ಕೇಳಿಸುತ್ತದೆ. ಓಲೀಟಾ, ನಮ್ಮಮ್ಮ ಎದ್ದು ಬಂದ ಹಾಗಾಯಿತು. ವೆಲ್ಡಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದಾಗ ಯಾರೂ ಹೀಗೆ ಅಂದಿರಲಿಲ್ಲ.

ಆಮೇಲೊಂದು ದಿನ ಬೀಟ್‌ರೂಟಿನ ಬಗ್ಗೆ ಬರೆಯುತ್ತ ಬರೆಯುತ್ತ, ತಾನು ಹುಟ್ಟಿದ ದಿನವನ್ನು ಅಕ್ಕ ಹೇಳಿದ ಹಾಗೆ ಬರೆದಿದ್ದಳು. ನನಗಾಗ ಏಳು ವರ್ಷ, ಹೊರಗೆ ಹೋಗಿರು ಎಂದು ನನ್ನನ್ನು ಬೀಟ್‌ರೂಟಿನ ಪಾತಿಗೆ ಕಳಿಸಿದರು. ಕೈಯೆಲ್ಲ ಕೆಂಪು ಮಾಡಿಕೊಂಡು ವಾಪಸು ಬಂದಾಗ ಅಮ್ಮನ ಪಕ್ಕದಲ್ಲಿ ನನ್ನ ಕೈಯಷ್ಟೇ ಕೆಂಪಗಿನದೊಂದು ಕೂಸು ಇತ್ತು. ಇದನ್ನು ಎಲ್ಲಿಂದ ಕಿತ್ತಿರೋ ಅಲ್ಲಿಗೇ ಹಾಕಿ ಅಂದೆ. ಓದುಗರು ನಕ್ಕರು. ವೆಲ್ಡಾ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಅಕ್ಕ ಇದನ್ನು ಯಾವತ್ತೂ ಹೇಳಿರಲಿಲ್ಲ. ಅಕ್ಕ ಬೀಟ್‌ರೂಟಿನ ಪಾತಿಗೆ ಹೋಗಿದ್ದಳೋ ಇಲ್ಲವೋ. ತನ್ನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲವೆ? ಜ್ವರ ಬಂದಾಗ ಹಣೆಯ ಮೇಲೆ ಇಟ್ಟ ಒದ್ದೆ ಬಟ್ಟೆ, ಮದುವೆಗೆ ಹೊಲಿದುಕೊಟ್ಟ ಹಾಸುಹೊದಿಕೆ, ಎಲ್ಲದರ ಕೆಳಗೆ ಆ ಮಾತು ಇತ್ತೆ? ಕೇಳಲು ಈಗ ಅಕ್ಕನಿಲ್ಲ. ಇದ್ದವಳು ಒಬ್ಬಳೇ, ಬರೆಯುವವಳು. ಅವಳನ್ನು ಕೇಳಲು ವೆಲ್ಡಾಗೆ ಧೈರ್ಯವಿರಲಿಲ್ಲ.

ಗುಡ್ಡದ ಮೇಲಿನ ಮಸಣದಲ್ಲಿ ಆಗಲೇ ಕಾರುಗಳು ನಿಂತಿದ್ದವು. ಓಕ್ ಮರದಿಂದ ಮರಕ್ಕೆ ಹಲಗೆ ಜೋಡಿಸಿ ಬಿಳಿಯ ಬಟ್ಟೆ ಹಾಸಿ, ಕರಿದ ಕೋಳಿ, ಮೊಟ್ಟೆ, ಜೋಳದ ರೊಟ್ಟಿ, ಬಾಳೆಹಣ್ಣಿನ ಸಿಹಿ, ನೊಣ ಓಡಿಸುವ ಹೆಂಗಸರು. ಟ್ವೈಲಾ, ಅಕ್ಕನ ಮಗಳು, ಮಂಡಿಯೂರಿ ಕೂತು ತಾಯಿಯ ಮಣ್ಣಿನ ಮೇಲೆ ಹೂ ಚುಚ್ಚುತ್ತಿದ್ದಳು. ತಲೆಯ ಕಡೆ ಜೋಡಿ ಕಲ್ಲು. ಭಾವ ಹಾರ್ಲನ್ ಸತ್ತಾಗಲೇ ಇಬ್ಬರದೂ ಸೇರಿಸಿ ಕೆತ್ತಿಸಿದ್ದು, ಇಲ್ಲಿನವರೆಲ್ಲ ಮಾಡುವ ಹಾಗೆ. ಅವನ ಹೆಸರಿನ ಕೆಳಗೆ ಎರಡೂ ವರ್ಷಗಳಿದ್ದವು. ಅಕ್ಕನ ಹೆಸರಿನ ಕೆಳಗೆ ಹುಟ್ಟಿದ ವರ್ಷ, ಪಕ್ಕದಲ್ಲೊಂದು ಗೆರೆ, ಗೆರೆಯ ಮುಂದೆ ನುಣುಪಾದ ಖಾಲಿ ಕಲ್ಲು. ಪ್ರತಿ ಸಿಂಗಾರಕ್ಕೂ ಅಕ್ಕ ತನ್ನ ಕಲ್ಲಿನ ಧೂಳನ್ನು ತಾನೇ ಒರೆಸಿ ಅದಕ್ಕೆ ಒರಗಿ ಕೂತು ಕೋಳಿಯ ಕಾಲು ತಿನ್ನುತ್ತಿದ್ದಳು.

"ಚಿಕ್ಕಮ್ಮ, ಬಂದ್ಯಾ." ಟ್ವೈಲಾ ತಲೆಯೆತ್ತಲಿಲ್ಲ. "ಸಿಂಗಾರದೊಳಗೆ ವರ್ಷ ಕೆತ್ತಿಸ್ತೀನಿ ಅಂತ ನೀನಂದಿದ್ದೆ."

"ಮಣ್ಣು ಇನ್ನೂ ಕೂತಿಲ್ಲ ಅಂತಾನಮ್ಮ ಕೆತ್ತೋನು."

"ಕೆತ್ತೋದು ಕಲ್ಲಲ್ಲೋ ಮಣ್ಣಲ್ಲೋ?"

ಕೆತ್ತುವವನು ವೆಲ್ಡಾಳ ಊರಿನವನು. ಅವನಿಗೆ ಹೇಳುವ ಕೆಲಸ ಅವಳದು. ಹೇಳಿರಲಿಲ್ಲ. ಬೇಸಿಗೆಯಲ್ಲಿ ಕೆಲವರು ಊರೂರು ತಿರುಗಿ ಸಮಾಧಿಕಲ್ಲುಗಳ ಫೋಟೋ ತೆಗೆದು ಅಂತರ್ಜಾಲಕ್ಕೆ ಏರಿಸುತ್ತಾರೆ. ಆ ವರ್ಷ ಕಲ್ಲಿನಲ್ಲಿ ಮೂಡಿದ ದಿನ ಕಂಪನಿಗೆ ಗೊತ್ತಾಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಆ ನುಣುಪು ಜಾಗ ನೋಡಿದಾಗ ಎದೆಯಲ್ಲಿ ಏಳುತ್ತಿದ್ದದ್ದು ಆ ಭಯವಲ್ಲ. ಅದು ಇನ್ನೂ ತೆರೆದಿರುವ ಬಾಗಿಲಿನಂತೆ ಕಾಣುತ್ತಿತ್ತು. ಅದನ್ನು ಮುಚ್ಚಿದರೆ ಯಾರು ಹೊರಗೆ ಉಳಿಯುತ್ತಾರೆ ಎಂಬುದು ಅವಳಿಗೆ ಹೊಳೆಯುತ್ತಿರಲಿಲ್ಲ.

"ನಾಳೆ ನಾನೇ ಅವನಿಗೆ ಫೋನ್ ಮಾಡ್ತೀನಿ ಬಿಡು," ಎಂದು ಟ್ವೈಲಾ ಎದ್ದು ಮಂಡಿಯ ಮಣ್ಣು ಕೊಡವಿ, ಅತ್ತೆಯ ಕಡೆಯವರ ಗೋರಿಗಳತ್ತ ಹೋದಳು.

ವೆಲ್ಡಾ ಭರಣಿಗಳ ಮುಚ್ಚಳ ತೆಗೆದು ಹಲಗೆಯ ಮೇಲೆ ಇಡುತ್ತಿದ್ದಾಗ, ಪಕ್ಕದಲ್ಲಿ ಕಂಡರಿಯದ ಒಬ್ಬ ಹೆಂಗಸು ತಟ್ಟೆ ಹಿಡಿದು ನಿಂತಿದ್ದಳು. ಎತ್ತರದ ಆಳು, ದೂರದಿಂದ ಕಾರು ಓಡಿಸಿಕೊಂಡು ಬಂದವರ ಹಾಗೆ ಬಟ್ಟೆ ಮುದುಡಿತ್ತು. ಇನ್ನೊಂದು ಕೈಯಲ್ಲಿ ಹಳದಿ ಹೂಗಳ ಒಂದು ಚಿಕ್ಕ ಕುಂಡ. ಅವಳು ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಲವಂಗ ಹಾಕಿದೀರಿ, ದಾಲ್ಚಿನ್ನಿ ಇಲ್ಲ. ದಾಲ್ಚಿನ್ನಿ ಹಾಕೋರು ಬೀಟ್‌ರೂಟನ್ನ ನಂಬದೋರು ಅಂತ ಬರೆದಿದ್ರಿ. ನೀವೇ ಅಲ್ವಾ? ಓಲೀಟಾ?"

ಏಪ್ರಿಲ್‌ನಲ್ಲಿ ವೆಲ್ಡಾ ಸಿಂಗಾರದ ಭಾನುವಾರದ ಬಗ್ಗೆ ಬರೆದು, ಕೊನೆಗೆ ಇಲ್ಲಿ ಯಾರು ಯಾರಿಗೆ ಬೇಕಾದರೂ ಅನ್ನುವ ಹಾಗೆ, ಬನ್ನಿ, ಊಟಕ್ಕೆ ಬನ್ನಿ, ಎಲ್ಲರಿಗೂ ಆಗುವಷ್ಟಿರುತ್ತದೆ ಎಂದು ಸೇರಿಸಿದ್ದಳು. ಚರ್ಚಿನ ಹೆಸರನ್ನೂ ಹಾಕಿದ್ದಳು. ಹಾಗೆ ಅನ್ನದೆ ಸಿಂಗಾರದ ಮಾತು ಮುಗಿಸುವುದು ಅವಳ ಕಡೆಯವರಿಗೆ ಬಾರದು. ಹಾಗೆ ಕರೆಸಿಕೊಂಡವರು ಬಂದುಬಿಡುತ್ತಾರೆ ಎಂದು ಯಾರೂ ಯೋಚಿಸುವುದಿಲ್ಲ.

"ನಾನು ಲವಾನ್. ಕ್ಯಾನ್ಸಸ್‌ನಿಂದ. ಮಾರ್ಚ್‌ನಲ್ಲಿ ನಮ್ಮ ಮನೆಯೋರು ಹೋದಾಗ ನೀವು ನಂಗೆ ಬರೆದಿದ್ರಿ. ಅವರ ಅಂಗಿಗಳನ್ನ ಈಗಲೇ ಯಾರಿಗೂ ಕೊಡ್ಬೇಡ, ಒಂದನ್ನ ಹಾಕ್ಕೊಂಡು ತೋಟದ ಕೆಲಸ ಮಾಡು ಅಂತ. ನೋಡಿ." ಅವಳು ಕೋಟಿನ ಗುಂಡಿ ಬಿಚ್ಚಿ ಒಳಗಿದ್ದ ಗಂಡಸರ ಚೌಕುಳಿ ಅಂಗಿ ತೋರಿಸಿದಳು. "ಇದೇ."

ಅಲ್ಲ ಎನ್ನಬೇಕಾಗಿತ್ತು. ಸುತ್ತ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಈ ಹೆಂಗಸು ತನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಯಾರೂ ಯಾವತ್ತೂ ವೆಲ್ಡಾಳನ್ನು ನೋಡಿರಲಿಲ್ಲ.

"ಇಷ್ಟು ಸೆಕೆಗೆ ಕೋಟು ಯಾಕೆ? ಅವರ ಅಂಗಿಗೂ ಗಾಳಿ ಆಡ್ಲಿ ಬಿಡಿ," ಎಂದಳು. ಮಾತು ತಾನಾಗಿ ಬಂದಿತ್ತು, ಅಕ್ಕನದು. ಲವಾನ್ ತಲೆ ಹಿಂದಕ್ಕೆಸೆದು ನಕ್ಕಳು.

ಇಬ್ಬರೂ ತಟ್ಟೆ ಹಿಡಿದು ಬೆಂಚಿನ ಮೇಲೆ ಕೂತರು. ಲವಾನ್ ಎಲ್ಲವನ್ನೂ ಓದಿದ್ದಳು. ವೆಲ್ಡಾ ಮರೆತದ್ದನ್ನೂ ಓದಿದ್ದಳು. ಕೇಳುತ್ತ ಕೇಳುತ್ತ ವೆಲ್ಡಾಗೆ ಅನ್ನಿಸಿತು: ಯಾರದೋ ಬಾಳನ್ನು ಯಾರೋ ಹೇಳುತ್ತಿದ್ದಾರೆ, ಅದಕ್ಕೆಲ್ಲ ತನ್ನ ತಲೆ ಹೂಂ ಎಂದು ಅಲ್ಲಾಡುತ್ತಿದೆ.

"ನಿಮ್ಮ ತಂಗಿ ಎಲ್ಲಿ?" ಲವಾನ್ ಸುತ್ತ ನೋಡಿದಳು. "ಆ ಬೀಟ್‌ರೂಟು ಮಗು. ಅವಳನ್ನ ನೋಡ್ಲೇಬೇಕು ನಾನು. ನೀವು ಅವಳನ್ನ ಎಷ್ಟು ಗೋಳು ಹೊಯ್ಕೋತೀರಿ ಪಾಪ! ಬಂದಿದಾಳಾ?"

ಮೇಜಿನ ಕಡೆಯಿಂದ ನಗು ಕೇಳಿಸಿತು. ದೇವದಾರುವಿನ ಮೇಲೆ ಒಂದು ಕಾಗೆ ಕೂತು ಎದ್ದಿತು. ಬಂದಿಲ್ಲ ಎಂದರೆ ಸಾಕಿತ್ತು. ಮಂಡಿನೋವು, ಮನೆಯಲ್ಲೇ ಇದ್ದಾಳೆ ಎಂದರೆ ಸಾಕಿತ್ತು.

"ಅವಳು ಹೋಗ್ಬಿಟ್ಲು," ಎಂದಳು ವೆಲ್ಡಾ. "ಫೆಬ್ರವರಿಯಲ್ಲಿ."

ಹೇಳಿದ ಮೇಲೆ ಅವಳಿಗೆ ಆದದ್ದು ಗಾಬರಿಯಲ್ಲ. ಬಹಳ ದಿನ ಹೊತ್ತ ಬುಟ್ಟಿ ಇಳಿಸಿದವಳಿಗೆ ಕತ್ತು ಹಗುರವಾಗುತ್ತದಲ್ಲ, ಹಾಗೆ. ಲವಾನ್‌ಳ ಕೈ ಅವಳ ಕೈ ಮೇಲೆ ಬಂತು.

"ಅಯ್ಯೋ. ನನ್ನ ದುಃಖ ಕೇಳ್ಕೊಂಡ್ರಲ್ಲ ಮಾರ್ಚ್‌ನಲ್ಲಿ, ನಿಮ್ದನ್ನ ಒಂದು ಮಾತು ಹೇಳ್ಲಿಲ್ವಲ್ಲ. ಎಲ್ಲಿ ಮಲಗಿಸಿದೀರಿ?"

ವೆಲ್ಡಾ ತೋರಿಸಿದಳು. ತೋರಿಸದೆ ಇರಲು ಬೆರಳಿಗೆ ಆಗಲಿಲ್ಲ. ಲವಾನ್ ಎದ್ದು ಹೋಗಿ, ಕಲ್ಲು ಓದಿ, ಖಾಲಿ ಜಾಗ ನೋಡಿ, ತನ್ನ ಊರಿನಲ್ಲೂ ಇಂಥ ಕಲ್ಲುಗಳನ್ನೇ ಕಂಡವಳ ಹಾಗೆ ತಲೆಯಾಡಿಸಿ, ಹಳದಿ ಹೂವಿನ ಕುಂಡವನ್ನು ಹಸಿ ಮಣ್ಣಿನ ಮೇಲೆ ಇಟ್ಟು ಬಂದಳು.

"ನಿಮ್ಮ ಜಾಗ ಅವಳಿಗೆ ಬಿಟ್ಕೊಟ್ರಾ?"

"ಅವಳಿಗೆ ಬೇರೆ ಜಾಗ ಇರ್ಲಿಲ್ಲ."

"ನೋಡಿ, ನೀವು ಬರೆಯೋದೆಲ್ಲ ಬರೀ ಬಾಯಿಮಾತಿನ ಸಿಟ್ಟು ಅಂತ ನಂಗೆ ಗೊತ್ತಿತ್ತು," ಎಂದು ಲವಾನ್ ಮತ್ತೆ ಕೈ ಹಿಡಿದುಕೊಂಡಳು. "ಅಷ್ಟು ಪ್ರೀತಿ ಇಲ್ದೆ ಯಾರೂ ಅಷ್ಟು ಬೈಯೋದಿಲ್ಲ."

ಊಟ ಮುಗಿದ ಮೇಲೆ ಲಾಯ್ಡ್ ದೊಡ್ಡ ಓಕಿನ ಕೆಳಗೆ ಬಂದು ನಿಂತರು. ಎಂಬತ್ತು ದಾಟಿದ ಮುದುಕ; ಚರ್ಚಿನಲ್ಲಿ ಎಲ್ಲರಿಗೂ ಲಾಯ್ಡಣ್ಣ. ಹೋದ ಸಿಂಗಾರದಿಂದೀಚೆಗೆ ಮಣ್ಣು ಸೇರಿದವರ ಹೆಸರು ಹೇಳುವುದು ಅವರ ಕೆಲಸ. ಕಾಗದ ನೋಡುವುದಿಲ್ಲ, ಅವರ ತಂದೆಯೂ ನೋಡುತ್ತಿರಲಿಲ್ಲ. ಒಂದೊಂದು ಹೆಸರಿಗೂ ಆ ಮನೆಯವರು ಎದ್ದು ನಿಲ್ಲುತ್ತಾರೆ, ಮುಂದಿನ ಹೆಸರು ಬಂದಾಗ ಕೂರುತ್ತಾರೆ. ಅಷ್ಟೇ. ಹೋದ ವರ್ಷ ಒಂದು ಹೆಸರು ಅವರಿಗೆ ನೆನಪಾಗದೆ ಬಹಳ ಹೊತ್ತು ಸುಮ್ಮನೆ ನಿಂತುಬಿಟ್ಟಿದ್ದರು. ಈ ಸಲ ಬೇರೆ ಯಾರಾದರೂ ಹೇಳಲಿ ಎಂದು ಕಿರಿಯರು ಗುಸುಗುಸು ಮಾಡುತ್ತಿದ್ದದ್ದು ಅವರಿಗೂ ಗೊತ್ತಿತ್ತು. ವೆಲ್ಡಾ ಎದ್ದುಹೋಗಬೇಕೆಂದುಕೊಂಡಳು. ಕಾರಿಗೆ ಹೋಗಿ ಏನೋ ತರುವವಳಂತೆ. ಆದರೆ ಕೈ ಲವಾನ್‌ಳ ಕೈಯಲ್ಲಿತ್ತು. ಆ ಕೈ ಬೆಚ್ಚಗಿತ್ತು, ಅದು ಓಲೀಟಾಳ ಕೈಯನ್ನು ಹಿಡಿದಿತ್ತು.

ಎರಡು ಹೆಸರುಗಳಾದವು. ಜನ ಎದ್ದರು, ಕೂತರು.

"ಓಲೀಟಾ ಸ್ಟಾಂಪ್ಸ್," ಎಂದರು ಲಾಯ್ಡ್.

ಆಚೆ ಸಾಲಿನಲ್ಲಿ ಟ್ವೈಲಾ ಎದ್ದಳು. ಎದ್ದು, ಚಿಕ್ಕಮ್ಮ ಎಲ್ಲಿ ಎಂದು ತಿರುಗಿದಳು. ವೆಲ್ಡಾ ಏಳಲಿಲ್ಲ. ಎದ್ದರೆ ಪಕ್ಕದವಳಿಗೆ ಗೊತ್ತಾಗುತ್ತದೆ, ಕೂತರೆ ಅಕ್ಕನನ್ನು ಇಡೀ ಮಸಣದ ಎದುರಿಗೆ ಇಲ್ಲವೆಂದ ಹಾಗಾಗುತ್ತದೆ. ಇಷ್ಟು ಸರಳವಾದ ಲೆಕ್ಕ ಅವಳ ತಲೆಯಲ್ಲಿ ಸುತ್ತುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಲವಾನ್ ಗಟ್ಟಿಯಾಗಿ ನಕ್ಕುಬಿಟ್ಟಳು.

"ತಪ್ಪಾಯ್ತು ಯಜಮಾನ್ರೆ! ಅವರು ಇಲ್ಲೇ ನನ್ನ ಪಕ್ಕದಲ್ಲೇ ಕೂತಿದಾರೆ. ಹೋದೋರು ಅವರ ತಂಗಿ." ಸುತ್ತ ತಿರುಗಿದ ಮುಖಗಳನ್ನು ನೋಡಿ ಅವಳ ನಗು ಸಣ್ಣದಾಯಿತು. "ತಂಗಿ ಹೆಸರು ಹೇಳ್ಬೇಕಿತ್ತು ಅವರು. ಅಲ್ವಾ, ಓಲೀಟಾ?"

ನೊಣ ಓಡಿಸುತ್ತಿದ್ದ ಹೆಂಗಸಿನ ಕೈ ಗಾಳಿಯಲ್ಲೇ ನಿಂತಿತು. ಲಾಯ್ಡ್ ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಮಾಡಿದರು. ಓಲೀಟಾಳ ಶವಪೆಟ್ಟಿಗೆಗೆ ಹೆಗಲು ಕೊಡಲಾಗದೆ ಅದರ ಪಕ್ಕದಲ್ಲೇ ನಡೆದು ಬಂದವರು ಅವರು. ಆದರೂ ಅವರ ಬಾಯಿ ಸ್ವಲ್ಪ ತೆರೆಯಿತು, ಕಣ್ಣು ಗೋರಿಗಳ ಮೇಲೆ ಹರಿದಾಡಿತು, ತನ್ನೊಳಗೇ ಏನೋ ಬಿದ್ದುಹೋಗಿದೆ, ಎಲ್ಲಿ ಬಿತ್ತು ಎಂದು ಹುಡುಕುವವರಂತೆ.

"ನಾನು... ತಡೀರಿ," ಎಂದರು. "ಓಲೀಟಾ ಅಲ್ವಾ? ನಂಗೆ ವಯಸ್ಸಾಯ್ತು ನೋಡಿ. ಕ್ಷಮಿಸ್ಬೇಕು. ನಾನು ಯಾರನ್ನ ಅಂತ..." ಕಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕ ವೆಲ್ಡಾಳತ್ತ ತಿರುಗಿದರು. "ಏನಮ್ಮ, ನಾನು ತಪ್ಪು ಹೇಳಿದ್ನಾ?"

ವೆಲ್ಡಾ ಕೈಯನ್ನು ಲವಾನ್‌ಳ ಕೈಯಿಂದ ಬಿಡಿಸಿಕೊಂಡಳು. ಎದ್ದು ನಿಂತಳು. ಹುಲ್ಲು, ಮುಖಗಳು, ಬಿಳಿಯ ಬಟ್ಟೆ, ಎಲ್ಲವೂ ಬಹಳ ಕೆಳಗೆ, ಬಹಳ ಸ್ಪಷ್ಟವಾಗಿ ಕಂಡವು.

"ಇಲ್ಲ ಲಾಯ್ಡಣ್ಣ. ನೀವು ಸರಿಯಾಗೇ ಹೇಳಿದ್ರಿ." ದನಿ ಮೆತ್ತಗಿತ್ತು, ಹಿಂದಿನ ಸಾಲಿನದು. ತನ್ನದೇ ದನಿ, ಎಷ್ಟೋ ತಿಂಗಳಾದ ಮೇಲೆ ಕೇಳುತ್ತಿದ್ದದ್ದು. "ಓಲೀಟಾ ಸತ್ತಿದಾಳೆ. ನಾನು ವೆಲ್ಡಾ. ಮುಂದಕ್ಕೆ ಹೇಳಿ."

ಪಕ್ಕದಲ್ಲಿ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಳ್ಳುವ ಸದ್ದು. ಲವಾನ್ ಎದ್ದು ಕಾರುಗಳ ಕಡೆ ನಡೆದಳು. ಟ್ವೈಲಾ ಚಿಕ್ಕಮ್ಮನನ್ನು ನೋಡುತ್ತಲೇ ಇದ್ದಳು. ಆ ನೋಟದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ಬರುವುದರಲ್ಲಿತ್ತು.

ಲಾಯ್ಡ್ ಗಂಟಲು ಸರಿಮಾಡಿಕೊಂಡು ಮುಂದಿನ ಹೆಸರು ಹೇಳಿದರು. ಈ ಸಲ ತಡವರಿಸಲಿಲ್ಲ. ಟ್ವೈಲಾ ಕೂತಳು. ಬೇರೆ ಮನೆಯವರು ಎದ್ದರು. ವೆಲ್ಡಾ ಕೂರಬೇಕಾಗಿತ್ತು, ಕೂರಲಿಲ್ಲ. ಇನ್ನೊಂದು ಹೆಸರು, ಇನ್ನೊಂದು ಮನೆ. ಎದ್ದವರು ಕೂತರು, ಕೂತವರು ಎದ್ದರು, ಅವರೆಲ್ಲರ ನಡುವೆ ಅವಳೊಬ್ಬಳು ನಿಂತೇ ಇದ್ದಳು, ಕಿವಿ ಮುಂದೆ ಮಾಡಿ. ಮುಂದಿನದು ತನ್ನದು, ಇಲ್ಲವೆ ಅದರ ಮುಂದಿನದು. ತಂಗಿ ಹೋದದ್ದು ಫೆಬ್ರವರಿಯಲ್ಲಿ ಎಂದು ಅವಳೇ ಹೇಳಿದ್ದಳು. ಲಾಯ್ಡ್ ಕೊನೆಯ ಹೆಸರು ಹೇಳಿ ಟೋಪಿ ಹಾಕಿಕೊಂಡರು. ಜನ ತಟ್ಟೆ ಪಾತ್ರೆ ಎತ್ತತೊಡಗಿದರು. ಹೆಂಗಸರು ಬಿಳಿಯ ಬಟ್ಟೆಯನ್ನು ಆ ತುದಿ ಈ ತುದಿ ಹಿಡಿದು ಕೊಡವಿದರು.

ಅವಳ ಹೆಸರು ಬರಲಿಲ್ಲ.